ಟ್ಯೂನಾ ಕೋಸಂಬರಿಗೆ ಉಪ್ಪೆಷ್ಟು

ಅಡುಗೆಗೆ ಉಪ್ಪು ಹಾಕುವುದರಲ್ಲಿ ನಮ್ಮಮ್ಮನ ಕೈ ತಪ್ಪಿದ್ದನ್ನು ನಾನು ಕಂಡಿದ್ದು ಒಂದೇ ಸಲ, ಅದೂ ಮೀನಿನ ವಿಷಯದಲ್ಲಿ. ಬಸವನಗುಡಿಯ ನಮ್ಮ ಮನೆಯಲ್ಲಿ ದೇವರಿಗೆ ನೈವೇದ್ಯ ಆಗುವ ತನಕ ಅಡುಗೆಯ ರುಚಿ ನೋಡುವ ಹಾಗಿರಲಿಲ್ಲ. ಮಾಡಿದವಳಂತೂ ಸುತರಾಂ ನೋಡಬಾರದು. ಆದ್ದರಿಂದ ಅಮ್ಮನ ಉಪ್ಪೆಲ್ಲ ಕೈಯಳತೆ, ಹುಳಿಯೆಲ್ಲ ಮೂಗಿನಳತೆ. ಸಾರಿನ ಆವಿಗೆ ಒಮ್ಮೆ ಮುಖ ಒಡ್ಡಿ, "ಇನ್ನೊಂಚೂರು ಬೇಕು" ಅಂತ ತನಗೆ ತಾನೇ ಹೇಳಿಕೊಂಡು ಒಂದು ಚಿಟಿಕೆ ಹಾಕಿದಳೆಂದರೆ ಮುಗಿಯಿತು. ಹೇಗೆ ಗೊತ್ತಾಗುತ್ತದೆ ಅಂತ ನಾನು ಚಿಕ್ಕಂದಿನಲ್ಲಿ ಪೀಡಿಸಿ ಪೀಡಿಸಿ ಕೇಳಿದ್ದೇನೆ. "ಗೊತ್ತಾಗತ್ತೆ" ಅನ್ನುವುದಷ್ಟೇ ಉತ್ತರ.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಹದಿನೈದು. ಬೆಳಗಾಗೆದ್ದು ಈಜುಕೊಳಕ್ಕೆ ಹೋಗುವುದು, ಕಣ್ಣು ಕೆಂಪು ಮಾಡಿಕೊಂಡು ಸ್ಕೂಲಿಗೆ ಹೋಗುವುದು, ಸಂಜೆ ಮತ್ತೆ ಕೊಳ. ರಾಜ್ಯ ಮಟ್ಟದ ರಿಲೇ ತಂಡಕ್ಕೆ ನಾಲ್ಕನೆಯವಳಾಗಿ ನನ್ನನ್ನು ತೆಗೆದುಕೊಳ್ಳುವ ಮಾತು ನಡೆದಿತ್ತು. ಆದರೆ ಒಂದು ಬೆಳಿಗ್ಗೆ ಕೊನೆಯ ಸುತ್ತಿನಲ್ಲಿ ನನಗೆ ಕಣ್ಣು ಕತ್ತಲೆ ಬಂದು, ಕೋಚ್ ನೀರಿಗಿಳಿದು ಎಳೆದು ತರಬೇಕಾಯಿತು. ಅವರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ನಲವತ್ತೊಂದು ಕೆಜಿ. ಆರು ವಾರದಲ್ಲಿ ನಲವತ್ತಮೂರು ಆಗದಿದ್ದರೆ ತಂಡದಲ್ಲಿ ಬೇರೆ ಹುಡುಗಿ ಅಂತ ಖಡಾಖಂಡಿತವಾಗಿ ಹೇಳಿದರು. ನನಗೆ ಆ ಜಾಗ ಬೇಕೇ ಬೇಕಿತ್ತು. ಆ ವಯಸ್ಸಿನಲ್ಲಿ ಬೇರೆ ಯಾವುದನ್ನೂ ನಾನು ಅಷ್ಟು ಆಸೆಪಟ್ಟಿರಲಿಲ್ಲ.

ಮೊದಲು ಮೊಟ್ಟೆ ಪ್ರಯತ್ನಿಸಿದ್ದಾಯಿತು. ಅಪ್ಪ ಬೇಕರಿಯಿಂದ ಬೇಯಿಸಿದ್ದೇ ತಂದರು. ವಾಸನೆಗೇ ನಾನು ತಟ್ಟೆ ದೂರ ತಳ್ಳಿದೆ. ಆಗ ಕೋಚ್ ಒಂದು ಭಾನುವಾರ ಮನೆಗೇ ಬಂದು ಕಾಫಿ ಕುಡಿದು, ಕೈಚೀಲದಿಂದ ಒಂದು ಗುಂಡನೆಯ ಡಬ್ಬಿ ತೆಗೆದು ಟೀಪಾಯಿಯ ಮೇಲಿಟ್ಟರು. ಮೇಲೆ ನೀಲಿ ಮೀನಿನ ಚಿತ್ರ, ಟ್ಯೂನಾ ಅಂತ ಒಂದೇ ಒಂದು ಇಂಗ್ಲಿಷ್ ಪದ, ಮಿಕ್ಕಿದ್ದೆಲ್ಲ ಯಾವುದೋ ದೇಶದ ದುಂಡು ಲಿಪಿ. "ಇದನ್ನ ಬೇಯ್ಸೋದೇ ಬೇಡ ಅಮ್ಮ. ಡಬ್ಬಿ ತೆಗೀರಿ, ತರಕಾರಿ ಹೆಚ್ಚಿ ಕಲಸಿಬಿಡಿ, ಹತ್ತು ನಿಮಿಷದ ಕೆಲಸ. ಸ್ಮೆಲ್ಲೂ ಅಷ್ಟಿರಲ್ಲ" ಅಂದರು.

ಅಮ್ಮ ಎರಡು ದಿನ ಆ ಡಬ್ಬಿಯನ್ನು ಮುಟ್ಟಲಿಲ್ಲ. ಮೂರನೆಯ ದಿನ ತೊಗರಿಬೇಳೆ ಆರಿಸುತ್ತಾ ಅಪ್ಪನನ್ನು ಕೇಳಿದಳು. "ರೀ, ಒಲೆ ಹತ್ತಿಸೋದಿಲ್ಲ ಅಂದ್ಮೇಲೆ ಅದು ಅಡುಗೆ ಅಲ್ಲವಲ್ಲ?"

ಅಪ್ಪ ಬ್ಯಾಂಕಿನ ಗುಮಾಸ್ತರು, ನಿಯಮಗಳಲ್ಲಿ ಸಂದು ಹುಡುಕುವುದು ಅವರಿಗೆ ಅಭ್ಯಾಸ. "ಅಲ್ಲವೇ ಅಲ್ಲ" ಅಂದರು.

ಹೀಗೆ ನಮ್ಮ ಮನೆಗೆ ಮೀನು ಬಂತು. ಮನೆಗೆ ಅಂದರೆ ಹಿತ್ತಲಿಗೆ. ಬಟ್ಟೆ ಒಗೆಯುವ ಕಲ್ಲು ಅದರ ಜಾಗ. ಒಂದು ಹಸಿರು ಪ್ಲಾಸ್ಟಿಕ್ ಬೋಗುಣಿ, ಒಂದು ಹಳೆಯ ಚಾಕು, ಒಂದು ಚಮಚ ಅದಕ್ಕೇ ಮೀಸಲು. ಮೂರೂ ಬಚ್ಚಲಿನ ಹಂಡೆ ಒಲೆಯ ಪಕ್ಕ, ಸೌದೆಯ ಹಿಂದೆ ಇರುತ್ತಿದ್ದವು. ಶುಕ್ರವಾರ, ಶನಿವಾರ, ಏಕಾದಶಿಗಳಂದು ಡಬ್ಬಿ ತೆಗೆಯುವಂತಿಲ್ಲ ಅಂತಲೂ ಅಮ್ಮ ಹೇಳಿದಳು.

ಮೊದಲ ದಿನ ಮೂವರೂ ಕಲ್ಲಿನ ಸುತ್ತ ನಿಂತಿದ್ದೆವು. ಡಬ್ಬಿ ತೆಗೆಯುವ ಸಾಧನ ನಮ್ಮಲ್ಲಿ ಇರಲಿಲ್ಲ. ಅಪ್ಪ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಸುತ್ತಲೂ ತೂತು ಮಾಡಿ ಮುಚ್ಚಳ ಎಬ್ಬಿಸಿದರು. ತಲೆ, ಬಾಲ, ಕಣ್ಣು ಏನಾದರೂ ಕಾಣಬಹುದೆಂದು ಉಸಿರು ಬಿಗಿಹಿಡಿದು ಬಗ್ಗಿದ್ದೆ. ತಿಳಿ ಕಂದು ಬಣ್ಣದ, ಎಳೆಎಳೆಯಾದ ಏನೋ ಇತ್ತು. ನನಗೆ ನಿರಾಸೆಯೇ ಆಯಿತು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನನಗಿಂತ ಹೆಚ್ಚು ಬಗ್ಗಿ ನೋಡಿದಳು. "ಎಳೇ ಹಲಸಿನಕಾಯಿ ಇದ್ದ ಹಾಗಿದೆಯಲ್ರೀ" ಅಂದಳು.

ಆಮೇಲೆ ಅವಳ ಕೈಗೆ ಸುಲಭವಾಯಿತು. ಹೆಸರುಬೇಳೆಯ ಜಾಗದಲ್ಲಿ ಮೀನು ಅಂದುಕೊಂಡಳು, ಅಷ್ಟೇ. ಸಣ್ಣಗೆ ಹೆಚ್ಚಿದ ಸೌತೆಕಾಯಿ, ತುರಿದ ಕ್ಯಾರೆಟ್, ಟೊಮೇಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆರಸ. ಒಗ್ಗರಣೆ ಇಲ್ಲದೆ ಕೋಸಂಬರಿಯೇ ಎಂಬ ಯೋಚನೆ ಬಂದು ಒಳಗೆ ಹೋಗಿ ಸಾಸಿವೆ, ಇಂಗು ಸಿಡಿಸಿಕೊಂಡು ಬಂದಳು. ಒಗ್ಗರಣೆ ಸೌಟು ಬೋಗುಣಿಗೆ ತಗುಲಿದರೆ ಅದೂ ಮೈಲಿಗೆಯಲ್ಲವೇ, ಹಾಗಾಗಿ ಒಂದು ಮೊಳ ಎತ್ತರದಿಂದ ಗುರಿಯಿಟ್ಟು ಸುರಿದಳು. ಅರ್ಧ ಸಾಸಿವೆ ಕಲ್ಲಿನ ಮೇಲೆ ಬಿತ್ತು.

ತಪ್ಪಾಗಿದ್ದು ಡಬ್ಬಿಯ ನೀರಿನಲ್ಲಿ. ಬೇಳೆ ಬೇಯಿಸಿದ ಕಟ್ಟನ್ನು ಅಮ್ಮ ಜನ್ಮದಲ್ಲಿ ಚೆಲ್ಲಿದವಳಲ್ಲ, ಸತ್ವವೆಲ್ಲ ಅದರಲ್ಲೇ ಇರುವುದು ಎಂಬ ನಂಬಿಕೆ. ಡಬ್ಬಿಯ ನೀರನ್ನೂ ಹನಿ ಬಿಡದೆ ಬೋಗುಣಿಗೆ ಸುರಿದಳು. ಆಮೇಲೆ ಕೋಸಂಬರಿಯ ಲೆಕ್ಕದಲ್ಲಿ ಉಪ್ಪು. ಆ ನೀರೇ ಉಪ್ಪುನೀರೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಮೊದಲ ಚಮಚಕ್ಕೇ ನನ್ನ ನಾಲಿಗೆ ಮುದುಡಿಕೊಂಡಿತು. ಮೀನು ಹೇಗಿರುತ್ತದೆಂದು ವಾರದಿಂದ ಕುತೂಹಲಪಟ್ಟು ಕೂತವಳಿಗೆ ಉಪ್ಪು ಬಿಟ್ಟು ಇನ್ನೇನೂ ತಿಳಿಯಲಿಲ್ಲ. ಅಮ್ಮ ಎದುರಿಗೇ ನಿಂತಿದ್ದಳು. "ಹೇಗಿದೆ?"

"ಚೆನ್ನಾಗಿದೆ" ಅಂದೆ. ಬೇರೇನು ಹೇಳಲಿ? ಅಷ್ಟು ದೂರ ಬಂದವಳು, ಕೆಟ್ಟದಾಗಿದೆ ಅಂದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಾಳೆ ಎಂಬ ಭಯ. ಅವಳು ಅತ್ತ ತಿರುಗಿದ್ದೇ ತಡ, ಮುಕ್ಕಾಲು ಪಾಲು ಕಾಂಪೌಂಡಿನ ಬೆಕ್ಕಿಗೆ ಹೋಯಿತು. ಮುಂದಿನ ಡಬ್ಬಿಗಳ ಗತಿಯೂ ಅದೇ. ಅಪ್ಪ ಸಂಜೆ ಬ್ಯಾಂಕು ಬಿಟ್ಟ ಮೇಲೆ ಶಿವಾಜಿನಗರದ ತನಕ ಹೋಗಿ, ದಂಟಿನ ಸೊಪ್ಪಿನ ಕಟ್ಟಿನ ಕೆಳಗೆ ಮುಚ್ಚಿಟ್ಟುಕೊಂಡು ಡಬ್ಬಿ ತರುತ್ತಿದ್ದರು. ಅದನ್ನು ನೋಡುವಾಗ ನನಗೆ ನಾಚಿಕೆಯಾಗುತ್ತಿತ್ತು, ಆದರೂ ನಿಜ ಹೇಳಲಿಲ್ಲ.

ಮೂರು ವಾರ ಕಳೆದ ಮೇಲೆ ತೂಕ ನೋಡಿದರೆ ನಲವತ್ತೊಂದೇ. ಮುಳ್ಳು ಕದಲಿರಲಿಲ್ಲ. ಮನೆಗೆ ಬಂದು ಬಚ್ಚಲಲ್ಲಿ ಅತ್ತೆ. ಹೊರಗೆ ಬಂದಾಗ ಅಮ್ಮ ಹಿತ್ತಲಿನ ನಲ್ಲಿಯ ಹತ್ತಿರ ಸುಮ್ಮನೆ ನಿಂತಿದ್ದಳು. ದುಂಡಗಾಗಿದ್ದ ಬೆಕ್ಕು ನಲ್ಲಿಯ ಕೆಳಗಿನ ಗುಂಡಿಯಲ್ಲಿ ಒಂದೇ ಸಮನೆ ನೀರು ನೆಕ್ಕುತ್ತಿತ್ತು. ಅಮ್ಮ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು.

ಮಾರನೆಯ ದಿನ ಬುಧವಾರ. ಸಂಜೆ ಬೋಗುಣಿ ಕೈಗೆ ಬಂದಾಗ ಮನಸ್ಸು ಗಟ್ಟಿಮಾಡಿಕೊಂಡು ಒಂದು ಚಮಚ ಬಾಯಿಗಿಟ್ಟೆ. ಉಪ್ಪು ಸರಿಯಾಗಿತ್ತು. ಸೌತೆಕಾಯಿ ಎರಡರಷ್ಟಿತ್ತು, ನಿಂಬೆ ಹದವಾಗಿತ್ತು, ಅದರ ನಡುವೆ ಮೆತ್ತಗೆ, ತುಸು ಸಿಹಿಯಾಗಿ ಏನೋ ಸಿಕ್ಕಿತು. ಓ, ಇದೇ ಮೀನು ಅಂದುಕೊಂಡೆ. ಪೂರ್ತಿ ತಿಂದು ಬೋಗುಣಿ ಬಳಿದೆ. ತಲೆ ಎತ್ತಿದರೆ ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡಿದ್ದಳು. ಅವಳದು ಮಂಗಳವಾರ, ಶುಕ್ರವಾರದ ತಲೆಸ್ನಾನ, ಅದೂ ಬೆಳಿಗ್ಗೆ. ಬುಧವಾರ ಸಂಜೆ ಯಾಕೆ ಅಂತ ಕೇಳಿದ್ದಕ್ಕೆ, "ಹಂಡೆ ನೀರು ಜಾಸ್ತಿ ಕಾದಿತ್ತು" ಅಂದಳು. ಗುರುವಾರವೂ ಹಾಗೇ ಟವೆಲ್ ಸುತ್ತಿಕೊಂಡೇ ಬೋಗುಣಿ ಕೊಟ್ಟಳು. ಹಂಡೆಯ ಮೇಲೆ ನನಗೆ ಅನುಮಾನ ಬಂದರೂ ಬೋಗುಣಿಯ ಕಡೆಗೇ ಗಮನ ಹೆಚ್ಚಿತ್ತು. ಅವತ್ತಿನಿಂದ ಡಬ್ಬಿಯ ನೀರು ಸಂಪಿಗೆ ಮರದ ಬುಡಕ್ಕೆ, ಉಪ್ಪು ಸೊನ್ನೆ.

ಆರನೆಯ ವಾರ ನಲವತ್ತಮೂರಕ್ಕೆ ಕಾಲು ಕೆಜಿ ಕಡಿಮೆ ಬಂತು. ಕೋಚ್ ಮುಳ್ಳನ್ನು ನೋಡಿ, ನನ್ನನ್ನು ನೋಡಿ, ನಲವತ್ತಮೂರು ಅಂತ ಬರೆದುಕೊಂಡರು. ರಿಲೇಯಲ್ಲಿ ನಾವು ಐದನೆಯವರಾದೆವು. ಪದಕವಿಲ್ಲದಿದ್ದರೂ ಅವತ್ತು ನೀರಿಗೆ ಹಾರಿದಾಗಿನ ಸಂತೋಷ ನನಗೆ ಈಗಲೂ ಮೈಯಲ್ಲಿದೆ.

ಎಷ್ಟೋ ವರ್ಷಗಳ ಮೇಲೆ, ಮದುವೆಯಾಗಿ ಕುಮಾರ ಪಾರ್ಕ್‌ನ ಬಾಡಿಗೆ ಮನೆಯಲ್ಲಿದ್ದಾಗ, ಅಮ್ಮ ಒಂದು ಮಧ್ಯಾಹ್ನ ಬಂದಿದ್ದಳು. ಆಗ ಸೂಪರ್ ಮಾರ್ಕೆಟ್ಟಿನಲ್ಲೇ ಟ್ಯೂನಾ ಸಿಗುತ್ತಿತ್ತು, ಸುತ್ತಿಗೆಯ ಅಗತ್ಯವಿಲ್ಲ, ಉಂಗುರ ಎಳೆದರೆ ಸಾಕು. ನಾನು ಸೌತೆಕಾಯಿ, ದಪ್ಪಮೆಣಸಿನಕಾಯಿ, ಈರುಳ್ಳಿ ಹೆಚ್ಚಿಕೊಂಡು ಮೀನು ಕಲಸಿ ಉಪ್ಪಿನ ಡಬ್ಬಕ್ಕೆ ಕೈ ಹಾಕಿದೆ. ಊಟದ ಟೇಬಲ್ಲಿನಿಂದ ಅಮ್ಮ, "ಬೇಡ ಕಣೇ. ನೀರು ಬಸಿದ್ರೂ ಅದ್ರಲ್ಲಿ ಉಪ್ಪು ಉಳ್ದಿರತ್ತೆ, ಕೊನೇಲಿ ನಾಲಿಗೆಗೆ ಸಿಗತ್ತೆ" ಅಂದಳು.

ಕೈ ಅಲ್ಲೇ ನಿಂತಿತು. ಕೊನೆಯಲ್ಲಿ ನಾಲಿಗೆಗೆ ಸಿಗುವುದು ಮೂಗಿಗೆ ತಿಳಿಯುವ ಸಂಗತಿಯಲ್ಲ. ಟವೆಲ್ ಸುತ್ತಿದ ಅವಳ ತಲೆ ನೆನಪಾಯಿತು. ಹಂಡೆ ನೀರು ಕಾದಿದ್ದು ಯಾಕೆಂದು ಆಗ ಹೊಳೆಯಿತು, ಇಷ್ಟು ವರ್ಷ ಹೊಳೆಯದೆ ಹೋಯಿತಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

"ಅಮ್ಮ, ಅವತ್ತು ನೀನು ತಿಂದು ನೋಡಿದ್ಯಾ?"

ಅವಳು ಟೇಬಲ್ಲಿನ ಮೇಲಿದ್ದ ಕೊತ್ತಂಬರಿ ಬಿಡಿಸುತ್ತಲೇ ಇದ್ದಳು. "ಇನ್ನೇನು ಮಾಡ್ಲಿ? ನೀನು ಬಾಯಿ ಬಿಟ್ಟು ಹೇಳ್ಳಿಲ್ಲ. ಬೆಕ್ಕು ಹೇಳ್ತು. ಒಂದು ಎಳೆ ಬಾಯಿಗಿಟ್ಟು ನೋಡ್ದೆ. ಆಮೇಲೆ ತಲೆಗೆ ನೀರು ಹಾಕ್ಕೊಂಡು ದೇವರಿಗೆ ತಪ್ಪಾಯ್ತು ಅಂತ ಹೇಳ್ದೆ."

ನಾನು ಉಪ್ಪಿನ ಡಬ್ಬದ ಮುಚ್ಚಳ ಹಾಕಿದೆ. "ಬುಧವಾರ ಸರಿ. ಗುರುವಾರ ಯಾಕೆ? ಉಪ್ಪು ಸರಿ ಹೋಗಿತ್ತಲ್ಲ" ಅಂದೆ.

ಅಮ್ಮ ಒಂದು ಕಡ್ಡಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಡಿಸಿದಳು.

"ಬುಧವಾರ ಬರೀ ಉಪ್ಪೇ ಗೊತ್ತಾಯ್ತು, ಮೀನು ಗೊತ್ತಾಗ್ಲಿಲ್ಲ" ಅಂದಳು. "ಶನಿವಾರ ಕಳೀಲಿ, ಇನ್ನೊಂದ್ಸಲ ನೋಡೋಣ ಅಂತಲೂ ಅನ್ನಿಸ್ತು. ದಿನಾ ಸಂಜೆ ತಲೆಗೆ ನೀರು ಹಾಕ್ಕೊಂಡ್ರೆ ನೆಗಡಿ ಆಗತ್ತೆ ಅಂತ ಬಿಟ್ಟೆ."