ನಲ್ಲಿ ನೀರಿನ ಅರ್ಜಿ

ಹೆಸರು ಬರೆದುಕೊಳ್ಳಲು ಬರುವವರನ್ನು ಕಂಡರೆ ನನಗೆ ಇವತ್ತಿಗೂ ಗುಮಾನಿ. ಒಮ್ಮೆ ನಾನೇ ಬರೆದುಕೊಂಡಿದ್ದೆನಲ್ಲ, ಅದಕ್ಕೆ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ. ಪುಣೆಯ ನಮ್ಮ ಕಾಲೇಜಿನಲ್ಲಿ ಹೊಸ ಹಾಸ್ಟೆಲ್ ಏಳುತ್ತಿತ್ತು. ಕಟ್ಟುವವರೆಲ್ಲ ಗುಲಬರ್ಗಾ ಕಡೆಯವರು. ನಮ್ಮ ನಲ್ಲಿ ಅವರು ಮುಟ್ಟುವ ಹಾಗಿರಲಿಲ್ಲ. ಸಿಮೆಂಟಿಗೆಂದು ತುಂಬಿಟ್ಟ ತೊಟ್ಟಿಯ ನೀರನ್ನೇ ಕುಡಿಯುತ್ತಿದ್ದರು. ನಮ್ಮ ವಿದ್ಯಾರ್ಥಿ ಸಮಿತಿಗೆ ರೋಷ ಉಕ್ಕಿತು. ನಾಯಕನಾಗಿದ್ದ ಕೊನೆಯ ವರ್ಷದ ಹುಡುಗ ಕ್ಯಾಂಟೀನಿನ ಬೆಂಚು ಹತ್ತಿ, ಅವರೂ ಈ ದೇಶದ ನಾಗರಿಕರೇ ಎಂದು ಮರಾಠಿಯಲ್ಲಿ ಗುಡುಗಿದ. ಪ್ರಿನ್ಸಿಪಾಲರಿಗೆ ಕೂಲಿಯವರಿಂದಲೇ ಅರ್ಜಿ ಕೊಡಿಸುವುದೆಂದಾಯಿತು. ಕನ್ನಡ ಬಲ್ಲವನು ನಾನೊಬ್ಬನೇ, ಧಾರವಾಡದ ಮನೆತನದವನು. ಹೆಸರು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸುವ ಕೆಲಸ ನನಗೆ ಬಿತ್ತು. ಭಾಳ ಹಿಗ್ಗಿದ್ದೆ, ಸುಳ್ಳು ಯಾಕೆ ಹೇಳಲಿ.

ಬುಟ್ಟಿ ಹೊರುವ ಹೆಂಗಸೊಬ್ಬಳು ಕೈಗಳನ್ನು ಹಿಂದಕ್ಕೆ ಕಟ್ಟಿ ನಿಂತಳು. ಉಳಿದವರು ಅವಳ ಮುಖ ನೋಡಿದರು.

"ಹೆಸ್ರು ಯಾಕ ಬೇಕು? ಹ್ವಾದ ಸಲ ಹೆಸ್ರು ಬರ್ಕೊಂಡ್ ಹೋದೋರು ನನ್ನ ಗಂಡಗ ಲಾರ್‍ಯಾಗ ಹಾಕ್ಕೊಂಡು ಹೋಗಿ ಆಪರೇಶನ್ ಮಾಡ್ಸಿದ್ರು. ಮದಿವ್ಯಾಗಿ ಆರ್ ತಿಂಗ್ಳಾಗಿತ್ತು, ತಮ್ಮಾ."

"ಅಕ್ಕಾ, ನಾನೂ ನಿಮ್ಮ ಕಡಿಯಾವನ ರೀ. ಏನೂ ಆಗೂದಿಲ್ಲ. ನನ್ನ ಮಾತ ನಂಬ್ರಿ."

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಒತ್ತಿದಳು. ಉಳಿದವರೂ ಒತ್ತಿದರು.

ಎರಡೇ ದಿನ. ಪ್ರಿನ್ಸಿಪಾಲರು ಅರ್ಜಿಯನ್ನು ಕಂತ್ರಾಟುದಾರನ ಕೈಗಿಟ್ಟರು. ಅವನು ಅದನ್ನೇ ಹಿಡಿದು ಒಂದೊಂದೇ ಹೆಸರು ಕೂಗಿ ಕೆಲಸದಿಂದ ಬಿಡಿಸಿದ. ಥೂ! ನೀರು ಕೇಳಿದ್ದಕ್ಕೆ ಅನ್ನ ಹೋಯಿತು.

ಅರ್ಜಿ ನಮ್ಮದೆಂದು ಹೋಗಿ ಒಪ್ಪಿಕೊಳ್ಳೋಣ ಎಂದು ನಾಯಕನ ಬಳಿ ಓಡಿದೆ. ಅವನು ನಕ್ಕ. "ಹಾಗಂತ ಎಲ್ಲಿ ಬರೆದಿದೆ, ತೋರಿಸು?" ನಿಜ. ಹಾಳೆಯ ತುಂಬ ಹೆಬ್ಬೆಟ್ಟು, ನಮ್ಮದೊಂದೂ ಸಹಿ ಇಲ್ಲ. ಮರೆತದ್ದೋ, ಬೇಕೆಂದೇ ಬಿಟ್ಟದ್ದೋ, ನಾನು ಅವನನ್ನು ಕೇಳಲಿಲ್ಲ. ನನ್ನನ್ನೂ ಕೇಳಿಕೊಳ್ಳಲಿಲ್ಲ.

ಸಂಜೆ ಗೇಟಿನ ಬಳಿ ಅವಳು ಗಂಟು ಇಟ್ಟುಕೊಂಡು ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಸಾಹೇಬ್ರಿಗೆ ಹೋಗಿ ಹೇಳ್ತಿನಿ, ಇದು ನಾವು ಮಾಡಿದ್ದಲ್ಲ, ಓದೋ ಹುಡುಗ ಬಂದು ಮಾಡ್ಸಿದಾನಂತ. ಆಗರ ಕೆಲ್ಸ ಕೊಟ್ಟಾರು. ನಿನ್ನ ಹೆಸ್ರೇನು, ತಮ್ಮಾ?"

ಇವಳನ್ನು ಯಾರೋ ಕಳಿಸಿದ್ದಾರೆ, ನನ್ನನ್ನು ಕಾಲೇಜಿನಿಂದ ತೆಗೆಸಲಿಕ್ಕೇ ಕೇಳುತ್ತಿದ್ದಾಳೆ ಅನಿಸಿತು. ಬಾಯಿಗೆ ಬಂದ ಯಾವುದೋ ಒಂದು ಹೆಸರು ಹೇಳಿಬಿಟ್ಟೆ.

ಮರೆಯಬಾರದೆಂದು ಅವಳು ಆ ಹೆಸರನ್ನು ಎರಡು ಮೂರು ಸಲ ಬಾಯಲ್ಲೇ ಅಂದುಕೊಂಡಳು. ಗಂಟನ್ನು ನನ್ನ ಕೈಗೆ ಕೊಟ್ಟು, "ಇಲ್ಲೇ ನಿಂದರು, ಬಂದೆ" ಎಂದು ಆಫೀಸಿನ ಕಡೆ ನಡೆದಳು.