ಐದು ಬೊಡ್ಡೆಯ ಹುಣಸೆ

ಇಳಿವಯಸ್ಸಿನಲ್ಲಿ ಮನುಷ್ಯನು ಪ್ರಕೃತಿಯ ಕಡೆ ತಿರುಗುತ್ತಾನೆ, ಅಲ್ಲಿ ಅವನಿಗೆ ಶಾಂತಿ ದೊರೆಯುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನಾನು ತಿರುಗಿದ್ದು ಹಿಮ್ಮಡಿ ನೋವಿನಿಂದ. ಸಂಜೆಯ ತಿರುಗಾಟ ಬಿಡಬೇಕೆಂದು ಡಾಕ್ಟರು ಅಪ್ಪಣೆ ಮಾಡಿದರು; ಮಾಳಿಗೆಯ ಮೇಲಿನ ನನ್ನ ಬಾಡಿಗೆ ಕೋಣೆ, ಅದರ ಮುಂದಿನ ಮಾಳಿಗೆಯ ಬಯಲು ಇಷ್ಟೇ ನನ್ನ ರಾಜ್ಯವಾಯಿತು.

ಮೂವತ್ತೈದು ವರ್ಷ ಸರ್ವೇಯರ್ ಆಗಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಹೊಲಗಳಲ್ಲಿ ಸರಪಳಿ ಎಳೆದವನು ನಾನು. ಎಷ್ಟೋ ಅಣ್ಣತಮ್ಮಂದಿರ ನಡುವೆ ಕಲ್ಲು ನೆಡಿಸಿದೆ. ಸ್ವಂತಕ್ಕೆ ಒಂದು ಗುಂಟೆ ಮಾಡಿಕೊಳ್ಳಲಿಲ್ಲ, ಹೆಂಡತಿ ಎಂಬ ಕಾಲಮನ್ನು ಖಾಲಿ ಬಿಟ್ಟೇ ನಿವೃತ್ತನಾಗಿ ಕೊಟ್ಟೂರಿಗೆ ಬಂದೆ. ಆಮೇಲೆ ಒಂದು ದಿನ ಫೋನಿನಲ್ಲಿ ಬೋನ್ಸಾಯ್ ಎನ್ನುವ ಕುಬ್ಜಮರವೊಂದನ್ನು ಕಂಡೆ. ಮೇಪಲ್ ಅಂತೆ. ಒಂದೇ ಬೇರಿನಿಂದ ಐದು ಬೊಡ್ಡೆ ಎದ್ದು, ಒಂದು ಮನೆತನ ಜಗಳವಿಲ್ಲದೆ ನಿಂತ ಹಾಗಿತ್ತು. ನನ್ನ ಸರ್ವೀಸಿನಲ್ಲಿ ಅಂಥದ್ದನ್ನು ನೋಡಿರಲಿಲ್ಲ.

ಹಗರಿಬೊಮ್ಮನಹಳ್ಳಿ ರಸ್ತೆಯ ನರ್ಸರಿಗೆ ಹೋಗಿ ಮೇಪಲ್ ಕೇಳಿದೆ. ನರ್ಸರಿಯವನು ಗಂಭೀರವಾಗಿ ನನ್ನನ್ನು ನೋಡಿದ. “ಅದು ತಂಪಿನ ಸೀಮಿ ಗಿಡರಿ ಸಾಹೇಬ್ರ. ಇಲ್ಲಿ ಬ್ಯಾಸಿಗಿಗೆ ನಾವ ಬಾಡತೀವಿ.” ಹಾಗೆಂದು ಬರಿಗೈಲಿ ಕಳಿಸಲಿಲ್ಲ. ಯಾರೂ ಒಯ್ಯದೆ ಮೂಲೆಯಲ್ಲಿ ಕುಳಿತು, ಚೀಲ ಹರಿದು ಬೇರು ನೆಲಕ್ಕಿಳಿಸಿದ್ದ ಒಂದು ಹುಣಸೆ ಸಸಿ ತೋರಿಸಿದ. ಹೆಬ್ಬೆರಳು ಗಾತ್ರದ ಬೊಡ್ಡೆ. ನಮ್ಮಿಬ್ಬರ ಸ್ಥಿತಿಯಲ್ಲಿ ಏನೋ ಹೋಲಿಕೆ ಕಂಡು ತಂದೆ.

ಮಳೆ ಹಿಡಿದ ಮೇಲೆ ಅದನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಿದೆ. ಇದು ಕ್ರೌರ್ಯವಲ್ಲ, ವಿಧಾನ: ತಲೆ ಹೋದರೆ ಬುಡದಿಂದ ಹಲವು ಚಿಗುರು ಬರುತ್ತವೆ. ಒಂಬತ್ತು ಬಂದವು. ಬೆಸ ಸಂಖ್ಯೆಯೇ ಇರಬೇಕೆಂದು ಕುಬ್ಜಮರದ ಶಾಸ್ತ್ರ; ಫೋನಿನಲ್ಲಿ ಕಂಡಂತೆ ಐದನ್ನು ಉಳಿಸಿದೆ. ನಡುವೆ ಬೇವಿನ ಚಕ್ಕೆ ತುರುಕಿ ಅವುಗಳನ್ನು ದೂರ ಸರಿಸಿದೆ, ತಂತಿ ಸುತ್ತಿ ಬಾಗಿಸಿದೆ, ಪ್ರತಿ ತಿಂಗಳು ಅಳೆದು ನಕ್ಷೆ ಬರೆದೆ. ಗಡಿಯ, ಹದ್ದುಬಸ್ತಿನ ತಕರಾರು ಒಂದೂ ಬರಲಿಲ್ಲ. ನೀರಿನ ಟ್ಯಾಂಕಿನ ಹಿಂದೆ, ನೆರಳಲ್ಲಿ, ಎರಡು ಬೇಸಿಗೆ ಕಳೆಯಿತು. ಬೊಡ್ಡೆಗಳು ಬೆರಳು ದಪ್ಪವಾದವು. ಆಗ ರೊಟ್ಟಿ ಸುಡುವ ಅಗಲವಾದ ಮಣ್ಣಿನ ಹಂಚಿಗೆ ತೂತು ಕೊರೆದು, ಬೇರು ಕತ್ತರಿಸಿ, ಅದರಲ್ಲಿ ಕೂರಿಸಿದೆ.

ಹೊಸ ಎಲೆ ಬಂದ ಮೇಲೆ ಅದನ್ನು ಯಾರಿಗಾದರೂ ತೋರಿಸಬೇಕೆನಿಸಿತು. ಈ ಚಪಲ ನನಗೆ ಹೊಸದು. ತೋರಿಸಲು ಇದ್ದವರು ಒಬ್ಬರೇ: ಕೆಳಗಿನ ಮನೆಯೊಡತಿ. ಮಗ ಸೊಸೆ ಇಬ್ಬರೂ ಶಾಲೆಗೆ ಪಾಠ ಹೇಳಲು ಹೋದ ಮೇಲೆ ಅವರು ಸಂಡಿಗೆ ಒಣಗಿಸಲು ಮೇಲೆ ಬರುತ್ತಿದ್ದರು. ತಮ್ಮ ಮೊಣಕಾಲಿನ ಸಮಾಚಾರ ಹೇಳಿ, ನನ್ನ ಹಿಮ್ಮಡಿಯದನ್ನು ಕೇಳಿ, ನನ್ನ ಅಡುಗೆಯನ್ನು ವಾಸನೆಯ ಮೇಲೆ ಖಂಡಿಸಿ ಇಳಿಯುತ್ತಿದ್ದರು. ದಿನಕ್ಕೆ ಹತ್ತು ನಿಮಿಷ. ನನ್ನ ದಿನದ ಮಾತುಕತೆಯೆಲ್ಲ ಅಷ್ಟೇ.

ಗಿಡವನ್ನು ಅವರ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲಿಟ್ಟೆ. ಅವರು ಬಂದರು, ಬಗ್ಗಿ ನೋಡಿದರು, ಚೆಂದ ಐತಿ ಎಂದರು. ಒಂದು ಚಿಗುರು ಚಿವುಟಿ ಬಾಯಿಗೆ ಹಾಕಿಕೊಂಡರು. ಹುಳಿ ತಾಗಿದ್ದೇ ಮುಖ ಬದಲಾಯಿತು.

“ಹುಣಸಿ ಏನ್ರಿ ಇದು? ಮನಿ ಮ್ಯಾಲ ಹುಣಸಿ ಇಡತಾರೇನ್ರಿ ಸಾಹೇಬ್ರ? ದೆವ್ವ ಬಂದು ಕುಂದ್ರತಾವ.”

“ಗೇಣುದ್ದದ ಗಿಡ ಅಕ್ಕಾರ. ಇದರಾಗ ಎಷ್ಟು ದೊಡ್ಡ ದೆವ್ವ ಕುಂದ್ರಬೇಕು?”

ಅವರು ನಗಲಿಲ್ಲ. “ಐದು ಬೊಡ್ಡಿ ಅದಾವ,” ಎಂದರು, ಕಡತ ನೋಡಿ ಹೇಳಿದ ಹಾಗೆ. ಸಂಡಿಗೆ ಹರವಿದ್ದ ಹಳೆ ಸೀರೆಯನ್ನು ಮಡಚಿಕೊಂಡು ಇಳಿದುಹೋದರು.

ಮರುದಿನದಿಂದ ಸಂಡಿಗೆ ಅಂಗಳದ ಹಗ್ಗದ ಹೊರಸಿನ ಮೇಲೆ ಒಣಗತೊಡಗಿತು. ಮೇಲಿನಿಂದ ನನಗೆ ಅವರ ತಲೆ ಮಾತ್ರ ಕಾಣುತ್ತಿತ್ತು. ಎರಡು ವಾರ ಹಾಲಿನವನಿಗೆ “ಅರ್ಧ ಲೀಟರ್” ಎಂದದ್ದು ಬಿಟ್ಟರೆ ನನ್ನ ಬಾಯಿಂದ ಮಾತು ಹೊರಟ ನೆನಪಿಲ್ಲ. ಒಂದು ಸಂಜೆ ಗಿಡದ ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆ. ದೆವ್ವವಾದರೂ ಬಂದೀತು, ಚಹಾ ಕೊಡೋಣ ಎಂದುಕೊಂಡೆ. ಐದು ಬೊಡ್ಡೆಗೂ ಒಂದೂ ಬರಲಿಲ್ಲ.

ಮಾರನೆಯ ದಿನ ಮೆಟ್ಟಿಲಿಳಿದು ಅವರನ್ನೇ ಕೇಳಿದೆ: ಇದಕ್ಕೆ ಪರಿಹಾರ ಏನು? ಅವರು ಒಳಗೆ ಹೋಗಿ ಬೊಡ್ಡೆಗೊಂದರಂತೆ ಐದು ಮೊಳೆ ತಂದರು. ಎತ್ತಿನ ಲಾಳದವು. ಹುಣಸೆಯ ಬೊಡ್ಡೆಗೆ ಲಾಳದ ಮೊಳೆ ಹೊಡೆದರೆ ದೆವ್ವ ಅಲ್ಲೇ ಕಟ್ಟು ಬೀಳುತ್ತದೆ, ಇಳಿದು ಬರುವುದಿಲ್ಲವಂತೆ. ಬೊಡ್ಡೆ ಬೆರಳು ದಪ್ಪ, ಸೀಳಿಹೋಗುತ್ತದೆ ಎಂದೆ. ಗುಂಡುಸೂಜಿ ಆಗುವುದಿಲ್ಲವೇ, ದೆವ್ವದ ಅಳತೆಗೆ ತಕ್ಕಂತೆ? ಅವರು ಒಂದು ಮೊಳೆಯ ಮೊನೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಗುವುದಿಲ್ಲ ಎಂದರು. ಆದರೆ ಐದರ ಬದಲು ಒಂದಕ್ಕೆ ಒಪ್ಪಿ, ನನ್ನ ಹಿಂದೆ ಮೆಟ್ಟಿಲು ಹತ್ತಿ ಬಂದರು.

“ನೀವ ಹಿಡೀರಿ, ನಾ ಹೊಡೀತೀನಿ. ನಿಮಗ ಕೈ ಬರಾಂಗಿಲ್ಲ.”

ನಿಜವೇ. ನನಗೆ ಕೈ ಬರುತ್ತಿರಲಿಲ್ಲ. ಎಲ್ಲಕ್ಕಿಂತ ದಪ್ಪನೆಯ ನಡುವಿನ ಬೊಡ್ಡೆಯನ್ನು ಎರಡು ಬೆರಳಲ್ಲಿ ಹಿಡಿದೆ. ಗಡಿಕಲ್ಲಿನ ಮೇಲೆ ಗುರುತು ಕೊರೆಯಲು ನಾನು ಬಳಸುತ್ತಿದ್ದ ಸುತ್ತಿಗೆಯಿಂದಲೇ ಅವರು ಮೂರು ಏಟು ಹೊಡೆದರು. ಎರಡನೆಯ ಏಟಿಗೆ ಬೊಡ್ಡೆಯೊಳಗೆ ಸೀಳಿದ ಸಣ್ಣ ಸಪ್ಪಳವಾಯಿತು. ಇಬ್ಬರೂ ಕೇಳಿಸದವರಂತೆ ಇದ್ದೆವು. ಆಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಒಲೆಯ ಮೇಲಿನ ನನ್ನ ಸಾರಿಗೆ ಇಂಗು ಹಾಕಿಲ್ಲ ಎಂದರು.

ನಡುವಿನ ಬೊಡ್ಡೆ ಒಂದು ತಿಂಗಳಲ್ಲಿ ಒಣಗಿತು. ಮೊಳೆ ಅದರಲ್ಲೇ ಇದೆ. ಉಳಿದ ನಾಲ್ಕು ಚೆನ್ನಾಗಿವೆ. ಸಂಡಿಗೆ ಈಗ ಮಾಳಿಗೆಯ ಮೇಲೆ ಒಣಗುತ್ತದೆ.