ನೀರಿಗೆ ಬೆನ್ನು ಮಾಡಿ ಕೂತವಳು

ಊರಿನ ಈಜುಕೊಳದಲ್ಲಿ ಬೆಳಗಿನ ಮೊದಲ ಗಂಟೆ ಹೆಂಗಸರದು. ಆ ಹೊತ್ತಿಗೆ ಬಾಗಿಲು ಕಾಯುತ್ತಿದ್ದವಳನ್ನು ಎಲ್ಲರೂ ಬಾಗಿಲಕ್ಕ ಅಂತಲೇ ಕರೆಯುತ್ತಿದ್ದರು. ಅವಳ ಕುರ್ಚಿಯ ಮುಖ ಬಾಗಿಲಿಗೆ, ಬೆನ್ನು ನೀರಿಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಾಕೆ, "ನೀವು ನೋಡ್ತಾ ಕೂತ್ರೆ ನನಗೆ ನೀರಿಗಿಳಿಯೋಕೆ ಆಗಲ್ಲಮ್ಮ" ಅಂದಿದ್ದಳು. ಅವತ್ತು ತಿರುಗಿಸಿದ ಕುರ್ಚಿ ಬಾಗಿಲಕ್ಕನ ತಲೆ ನರೆತರೂ ಹಾಗೇ ಇತ್ತು. ಎಲ್ಲರೂ ಹೋದಮೇಲೆ ನೆಲ ಒರೆಸುವಾಗ ಕಂಡ ಖಾಲಿ ನೀರಷ್ಟೇ ಅವಳು ಕಂಡ ನೀರು.

"ಇಷ್ಟು ವರ್ಷ ಇಲ್ಲೇ ಇದ್ದೂ ಪಾದ ನೆನೆಸಿಲ್ಲವಲ್ಲ, ನೀನೇನು ಬೆಕ್ಕಾ?" ಅಂತ ಈಜುವವರು ರೇಗಿಸುವರು.

"ಬೆಕ್ಕೇ ಅಂದ್ಕೊಳ್ರಮ್ಮ. ಇಲಿ ಒಳಗೆ ಬರಬಾರದಲ್ಲ" ಅನ್ನುವಳು.

ಆ ಹೊತ್ತಿಗೆ ಅವಳ ಸೊಸೆಯೂ ಬರುತ್ತಿದ್ದಳು. ಒಲೆಯ ಬೆಂಕಿ ತಾಗಿ ಕುತ್ತಿಗೆಯಿಂದ ಸೊಂಟದವರೆಗೆ ಮೈ ಬೆಂದಿತ್ತು. ಗಾಯ ಮಾಯ್ದರೂ ಚರ್ಮ ಬಿಗಿದುಕೊಂಡು ಬಲಗೈ ಎದೆಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಮಗುವಿನ ತಲೆ ಬಾಚುವುದಕ್ಕೂ ಅತ್ತೆಯೇ ಬೇಕು. ನೀರಲ್ಲಿ ಕೈ ಆಡಿಸು ಅಂದರು ಡಾಕ್ಟರು. ಪ್ರಾಣ ಹೋದರೂ ಗಂಡಸರ ಮುಂದೆ ಈ ಮೈ ಹೊತ್ತು ಇಳಿಯಲ್ಲ ಅಂದಳು ಅವಳು. ಆ ಒಂದು ಗಂಟೆ ಇತ್ತು ಅಂತ ಇಳಿದಳು.

ಹೀಗಿರುವಾಗ ಹೊಸ ಮ್ಯಾನೇಜರು ಬಂದರು. ಅವರ ಕೈಗೆ ರಿಟೈರಾದ ಬಸ್ ಕಂಡಕ್ಟರೊಬ್ಬರ ದೂರು ಬಂತು. ನನಗೆ ಮಂಡಿನೋವು, ಬೆಳಬೆಳಗ್ಗೆಯೇ ನೀರಿಗಿಳಿಯಬೇಕು, ಸಮಾನತೆಯ ಕಾನೂನು ಇರುವಾಗ ನನ್ನನ್ನು ಹೊರಗೆ ನಿಲ್ಲಿಸುವುದು ಯಾವ ನ್ಯಾಯ, ಅಂತ.

ಮ್ಯಾನೇಜರು ಬಾಗಿಲಕ್ಕನನ್ನು ಕರೆದು, "ಬರೋ ತಿಂಗಳಿಂದ ಎಲ್ಲರನ್ನೂ ಬಿಡಬೇಕಮ್ಮ. ಕಾನೂನು ಅಂದ್ರೆ ಕಾನೂನು" ಅಂದರು.

ಬಾಗಿಲಕ್ಕ ಕುರ್ಚಿಗೆ ಮರಳಿದಳು. ಕೆಲಸ ಹೋದರೆ ಹೋಗಲಿ, ಸೊಸೆಯ ಕೈ?

ಈಜಲು ಬರುತ್ತಿದ್ದ ವಕೀಲಮ್ಮ ತಲೆ ಒರೆಸಿಕೊಳ್ಳುತ್ತಾ ಸುದ್ದಿ ಕೇಳಿ ನಕ್ಕರು. "ಎಲ್ಲರ ಕಾಲಿಗೂ ಒಂದೇ ಅಳತೆ ಚಪ್ಪಲಿ ಕೊಟ್ಟುಬಿಟ್ರೆ ಸಮಾನತೆ ಆಗೋಯ್ತಾ ಅಕ್ಕ? ತಕ್ಕ ಕಾರಣ ಇದ್ರೆ ಹೆಂಗಸರಿಗೆ ಅಂತ ಬೇರೆ ಹೊತ್ತು ಇಡಬಹುದು, ಅದನ್ನೂ ಅದೇ ಕಾನೂನೇ ಹೇಳುತ್ತೆ. ಕಾರಣ ಏನು ಅಂತ ಕೊಳದ ಸಮಿತಿ ಮುಂದೆ ಯಾರಾದ್ರೂ ಹೇಳಬೇಕು, ಅಷ್ಟೆ."

ಅಷ್ಟೆ! ಕಾರಣ ಅವಳ ಮನೆಯಲ್ಲೇ ಇತ್ತು. ಆದರೆ ಸೊಸೆಯ ಮೈಯ ಸಂಗತಿಯನ್ನು ಹತ್ತು ಜನರ ಮುಂದೆ ಆಡುವುದು ಹೇಗೆ? ಬಾಗಿಲಕ್ಕ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ.

ಸಮಿತಿ ಸೇರಿದ ದಿನ ಅಧ್ಯಕ್ಷೆ ಕೇಳಿದರು, "ಹೇಳಿ, ಆ ಹೊತ್ತು ಬೇರೆ ಯಾಕಿರಬೇಕು?"

"ಒಳಗೇನು ನಡೆಯುತ್ತೆ ಅಂತ ನಾನು ನೋಡೇ ಇಲ್ಲ ತಾಯಿ. ನೋಡದೇ ಇರೋದೇ ನನ್ನ ಕೆಲಸ" ಅಂದಳು ಬಾಗಿಲಕ್ಕ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ನಾನು ಹೇಳ್ತೀನಿ."

ಸೊಸೆ! ವಕೀಲಮ್ಮನೇ ಸುದ್ದಿ ಮುಟ್ಟಿಸಿರಬೇಕು. ಕತ್ತಿನವರೆಗೆ ಶಾಲು ಹೊದ್ದು ಮೇಜಿನ ಮುಂದೆ ಬಂದು ನಿಂತಳು. ಶಾಲು ಸರಿಸಲಿಲ್ಲ. ಬಲಗೈಯನ್ನು ಮೆಲ್ಲಗೆ ಎತ್ತಿದಳು. ಭುಜ ದಾಟಿತು, ಕಿವಿ ದಾಟಿತು, ತಲೆಯ ಮೇಲೆ ನೆಟ್ಟಗೆ ನಿಂತಿತು. ಈಚೆಗೆ ಮಗುವಿನ ತಲೆ ಅವಳೇ ಬಾಚುತ್ತಿದ್ದಳು, ನಿಜ. ಆದರೆ ಇಷ್ಟು ಎತ್ತರವನ್ನು ಬಾಗಿಲಕ್ಕ ಕಂಡಿರಲಿಲ್ಲ.

"ಇದು ಸುಟ್ಟ ಕೈ. ಆ ಒಂದು ಗಂಟೆ ಇದನ್ನ ಇಷ್ಟು ಮೇಲೆತ್ತಿದೆ. ಬಾಗಿಲಲ್ಲಿ ನಮ್ಮತ್ತೆ ಕೂರದೇ ಇದ್ದಿದ್ರೆ ನಾನು ಇಳೀತಾನೇ ಇರ್ಲಿಲ್ಲ."

ಅಲ್ಲೇ ಕೂತಿದ್ದ ಕಂಡಕ್ಟರು ಗೊಣಗಿದರು, "ಆಯ್ತಮ್ಮ, ನಿನ್ನ ಗಂಟೆ ನಿನಗಿರ್ಲಿ. ನನ್ನ ಮಂಡಿ ಏನು ಪಾಪ ಮಾಡಿದೆ?"

ಹೆಂಗಸರ ಗಂಟೆ ಇದ್ದ ಹಾಗೇ ಇರಬೇಕು, ಅದಕ್ಕೂ ಒಂದು ಗಂಟೆ ಮುಂಚೆ ಎಲ್ಲರಿಗೂ ಕೊಳ ತೆರೆಯಬೇಕು ಅಂತ ತೀರ್ಮಾನವಾಯಿತು. ಕೆಟ್ಟದ್ದು ಮ್ಯಾನೇಜರ ನಿದ್ದೆ ಮಾತ್ರ.

ಮರುದಿನ ಬಾಗಿಲಕ್ಕ ಕುರ್ಚಿಯಲ್ಲಿ ಕೂತಿದ್ದಾಗ ಬೆನ್ನ ಹಿಂದಿನಿಂದ ಸೊಸೆ ಕೂಗಿದಳು. "ಅತ್ತೆ, ಇವತ್ತೊಂದು ದಿನ ಈ ಕಡೆ ತಿರುಗಿ."

"ಬಾಗಿಲು?"

"ನಾನು ಕಾಯ್ತೀನಿ. ನಾವೆಲ್ಲಾ ಹೂಂ ಅಂದಿದ್ದೀವಿ, ತಿರುಗು ಅಕ್ಕ" ಅಂದರು ವಕೀಲಮ್ಮ.

ಬಾಗಿಲಕ್ಕ ಕುರ್ಚಿ ತಿರುಗಿಸಿದಳು. ಮೇಲಿನ ಕಿಟಕಿಯ ಬಿಸಿಲು ನೀರಿಗೆ ಬಿದ್ದು ಚಾವಣಿಯ ತುಂಬಾ ಬೆಳಕು ಕುಣಿಯುತ್ತಿತ್ತು. ಬಸುರಿಯೊಬ್ಬಳು ಅಂಗಾತ ತೇಲುತ್ತಿದ್ದಳು. ಮುದುಕಿಯೊಬ್ಬಳು ಮಗುವಿನ ಹಾಗೆ ಕಾಲು ಬಡಿಯುತ್ತಿದ್ದಳು. ನಡುವೆ ಸೊಸೆಯ ಸುಕ್ಕುಗಟ್ಟಿದ ಬೆನ್ನು ಏಳುತ್ತಿತ್ತು, ಮುಳುಗುತ್ತಿತ್ತು, ಆ ಕೈ ನೀರನ್ನು ಸೀಳಿಕೊಂಡು ಹೋಗುತ್ತಿತ್ತು.

ಬಾಗಿಲಕ್ಕ ಕುರ್ಚಿಯ ತುದಿಗೆ ಸರಿದಳು.

"ಅಯ್ಯೋ ನನ್ನವ್ವ" ಅಂದಳು, "ನನ್ನ ಬೆನ್ನ ಹಿಂದೆ ಇಷ್ಟೆಲ್ಲಾ ಇತ್ತಾ?"